ಆರ್ಕೆಸ್ಟ್ರಾದಲ್ಲಿ 36 ವರ್ಷ ಗಿಟಾರ್ ನುಡಿಸಿದವರನ್ನು ರಾಕ್ ಮ್ಯೂಸಿಷಿಯನ್ ಅನ್ನಬಹುದಾ?

ಏಲಕ್ಕಿ:
ಎಲ್ಲರಿಗೂ ನಮಸ್ಕಾರ. ಒಂದು ಸಾಲಿನ ವಿಷಯಕ್ಕೆ ಮನೆಯಲ್ಲಿ ಜಗಳ ನಡೆಯುತ್ತಿದೆ. ತಿಳಿದವರು ಹೇಳಿ.

ನಮ್ಮ ಸೋದರಮಾವನಿಗೆ ಮುಂದಿನ ತಿಂಗಳು 60 ತುಂಬುತ್ತದೆ. ಹಾಸನದಲ್ಲೇ ಷಷ್ಟ್ಯಬ್ದಿ. ಕಾರ್ಡ್ ಬರೆಸುವ ಕೆಲಸ ನನ್ನ ತಲೆಗೆ ಬಂದಿದೆ. ಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ಆದರೆ 1986ರಿಂದ 2022ರವರೆಗೆ ರಾತ್ರಿಯೆಲ್ಲ ಗಿಟಾರ್. ಪಕ್ಕದ ಮನೆಯವರೊಬ್ಬರು ಚರ್ಚ್ ಕ್ವಾಯರ್‌ನಲ್ಲಿ ನುಡಿಸುತ್ತಿದ್ದರು, ಅವರ ಹತ್ತಿರ ಕಲಿತದ್ದು. ಮೂರು ಆರ್ಕೆಸ್ಟ್ರಾ, ಎರಡು ಇಂಗ್ಲಿಷ್ ಬ್ಯಾಂಡ್, ಲೆಕ್ಕವಿಲ್ಲದಷ್ಟು ಮದುವೆ ರಿಸೆಪ್ಷನ್, ಡಿಸೆಂಬರ್ 31ಕ್ಕೆ ಸಕಲೇಶಪುರ, ಮೂಡಿಗೆರೆ ಕಡೆಯ ಕ್ಲಬ್ಬುಗಳು. ಮನೆಗೆ ಬಂದರೆ ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಕ್ಯಾಸೆಟ್. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನಿಂದ ಬೆಳೆದ ಸಂಗೀತ, ರಾಕ್‌ಗೂ ಅದೇ ಬೇರು.

ನಾನು ಕಾರ್ಡಿನಲ್ಲಿ ಹೆಸರಿನ ಕೆಳಗೆ 'ರಾಕ್ ಅಂಡ್ ಬ್ಲೂಸ್ ಗಿಟಾರಿಸ್ಟ್' ಅಂತ ಹಾಕಿಸಿದೆ. ಬೆಂಗಳೂರಿನಿಂದ ಬಂದ ದೊಡ್ಡಪ್ಪನ ಮಗ ಪ್ರೂಫ್ ನೋಡಿ ನಕ್ಕುಬಿಟ್ಟ. 'ಗಣಪತಿ ಪೆಂಡಾಲ್‌ನಲ್ಲಿ ಸಿನಿಮಾ ಹಾಡಿಗೆ ಗಿಟಾರ್ ಹಿಡಿದವರೆಲ್ಲ ರಾಕ್ ಮ್ಯೂಸಿಷಿಯನ್ ಆದರೆ, ಮೆರವಣಿಗೆ ಬ್ಯಾಂಡ್‌ಸೆಟ್‌ನವರು ಜಾಝ್ ಅಂತ ಹಾಕಿಸಬೇಕಾಗುತ್ತದೆ' ಅಂದ. ಅತ್ತೆಗೆ ಬೇಜಾರಾಗಿದೆ. ಮಾವನಿಗೆ ಇದೆಲ್ಲ ಇನ್ನೂ ಗೊತ್ತಿಲ್ಲ. ಹಾಕಿಸಲಾ, ತೆಗೆಸಲಾ?

ಕಡೂರು ಪ್ಯಾಸೆಂಜರ್:
ಹಾಕಿಸಿ. ಎಲ್‌ಐಸಿ ಏಜೆಂಟ್ ಅಂತ ಹಾಕಿದರೆ ಯಾರಾದರೂ ಪಾಲಿಸಿ ಎಣಿಸುತ್ತಾರಾ?

ಮೂರನೇ ತಂತಿ:
ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಥ ಇದೆ. ರಾಕ್ ಅಂದರೆ ಸ್ವಂತ ಬ್ಯಾಂಡ್, ಸ್ವಂತ ಹಾಡು. ಆರ್ಕೆಸ್ಟ್ರಾ ಅಂದರೆ ಕ್ಯಾಸೆಟ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ನುಡಿಸುವುದು. ಎರಡೂ ಕಷ್ಟದ ಕೆಲಸವೇ. ಆದರೆ ಬೇರೆ ಬೇರೆ. ಟೈಲರ್‌ಗೂ ಡಿಸೈನರ್‌ಗೂ ವ್ಯತ್ಯಾಸ ಇಲ್ವಾ?

ಬೇಸ್ ಗಿಟಾರ್ 4:
ಮೂರನೇ ತಂತಿ ಅವರೇ, ಸ್ವಲ್ಪ ತಡೆಯಿರಿ. ನಾನು ಚಿಕ್ಕಮಗಳೂರಿನವನು, 22 ವರ್ಷ ಬೇಸ್ ನುಡಿಸಿದ್ದೇನೆ.

ಏನ್‌ಸ್ಲೀ ಡನ್‌ಬಾರ್ ಅಂತ ಒಬ್ಬ ಡ್ರಮ್ಮರ್. 1946ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ಜಾನ್ ಮೇಯಲ್ ಅವರ ಬ್ಲೂಸ್ ಬ್ಯಾಂಡ್ ಬ್ಲೂಸ್‌ಬ್ರೇಕರ್ಸ್‌ನಲ್ಲಿ ಬಾರಿಸಿದರು. ಅಲ್ಲಿಂದ ಗಿಟಾರಿಸ್ಟ್ ಜೆಫ್ ಬೆಕ್ ಹತ್ತಿರ ಸ್ವಲ್ಪ ದಿನ. ಆಮೇಲೆ ರಾಕ್‌ನ ದೊಡ್ಡ ದೊಡ್ಡ ಹೆಸರುಗಳು: ಫ್ರಾಂಕ್ ಜಪ್ಪಾ, ಡೇವಿಡ್ ಬೋವಿ, ಜರ್ನಿ, ಜೆಫರ್ಸನ್ ಸ್ಟಾರ್‌ಶಿಪ್, ವೈಟ್‌ಸ್ನೇಕ್. ಒಂದೊಂದು ಕಡೆ ಒಂದೊಂದು ಥರದ ಸಂಗೀತ. ಕರೆದ ಕಡೆ ಹೋದರು, ಕೆಲಸ ಮುಗಿಸಿದರು, ಮುಂದಿನ ಬಸ್ ಹತ್ತಿದರು. 1966ರಲ್ಲಿ ಅಮೆರಿಕದ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ಗೆ ಡ್ರಮ್ಮರ್ ಹುಡುಕುವಾಗ ಕೊನೆಗೆ ಉಳಿದ ಇಬ್ಬರಲ್ಲಿ ಇವರೂ ಒಬ್ಬರು. ನಾಣ್ಯ ಚಿಮ್ಮಿದರಂತೆ. ಮಿಚ್ ಮಿಚೆಲ್‌ಗೆ ಬಿತ್ತು. ಒಂದು ನಾಣ್ಯ ಮಗುಚಿ ಬಿದ್ದಿದ್ದರೆ ಇವತ್ತು ಎಲ್ಲರ ಟೀ ಶರ್ಟ್ ಮೇಲೆ ಇರುತ್ತಿದ್ದರು.

ನಮ್ಮ ಊರಿನ ಆರ್ಕೆಸ್ಟ್ರಾದವರ ಬದುಕೂ ಇದೇ. ದುಡ್ಡು ಮಾತ್ರ ಬೇರೆ.

ಮೂರನೇ ತಂತಿ:
ನೀವು ಕೊಟ್ಟ ಉದಾಹರಣೆಯೇ ನನ್ನ ಕಡೆ ಇದೆ ಸಾರ್. ಡನ್‌ಬಾರ್ 1967ರಲ್ಲೇ ರಿಟಾಲಿಯೇಷನ್ ಅಂತ ತಮ್ಮದೇ ಬ್ಯಾಂಡ್ ಕಟ್ಟಿದ್ದರು. ಆ ಬ್ಯಾಂಡಿನ ಹಾಡನ್ನು ಬ್ಲ್ಯಾಕ್ ಸಬಾತ್‌ನವರು 1970ರ ಮೊದಲ ಆಲ್ಬಮ್‌ನಲ್ಲಿ ನುಡಿಸಿದರು. ಏಲಕ್ಕಿಯವರ ಮಾವನ ಸ್ವಂತ ಹಾಡು ಯಾವುದಾದರೂ ಇದೆಯಾ?

ಬೇಸ್ ಗಿಟಾರ್ 4:
ಸ್ವಂತ ಹಾಡು ಇಲ್ಲದ ಬ್ಲೂಸ್‌ನವರು ನೂರಾರು ಜನ ಇದ್ದಾರೆ. ಒಂದೇ ಹನ್ನೆರಡು ಬಾರ್ (ತಾಳದ ಸುತ್ತು), ಒಂದೇ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು). ಒಬ್ಬರಿಂದ ಒಬ್ಬರು ಎತ್ತಿಕೊಂಡೇ ಬೆಳೆದ ಸಂಗೀತ ಅದು.

ಶುಂಠಿ ಕಾಫಿ:
ನನಗೆ ಚಕ್ ಲೆವೆಲ್ ನೆನಪಾದರು. ಪಿಯಾನೊ ನುಡಿಸುವವರು. 1972ರಲ್ಲಿ ಆಲ್ಮನ್ ಬ್ರದರ್ಸ್ ಬ್ಯಾಂಡ್ ಸೇರಿದಾಗ ಇಪ್ಪತ್ತು ವರ್ಷ. 1982ರಿಂದ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಜೊತೆ ಟೂರ್. ನಡುವೆ ಜಾರ್ಜ್ ಹ್ಯಾರಿಸನ್, ಎರಿಕ್ ಕ್ಲಾಪ್ಟನ್ ಜೊತೆಗೂ ನುಡಿಸಿದ್ದಾರೆ. ಸ್ಟೋನ್ಸ್‌ನ ಹಾಡುಗಳು ಯಾವ ಕೀ, ಯಾವ ವೇಗ, ಎಲ್ಲಿ ನಿಲ್ಲಬೇಕು ಅನ್ನುವುದನ್ನೆಲ್ಲ ಬರೆದಿಟ್ಟುಕೊಂಡು ಸ್ಟೇಜ್ ಮೇಲೆ ನಡೆಸುವವರು ಅವರೇ. ಆದರೆ ಫೋಟೊದಲ್ಲಿ ಇರುವುದಿಲ್ಲ.

ನನಗೆ ಇಷ್ಟ ಆದದ್ದು ಇನ್ನೊಂದು. ಅವರು ಮರ ಬೆಳೆಸುವ ರೈತ! ಜಾರ್ಜಿಯಾದಲ್ಲಿ ಹೆಂಡತಿ ಕಡೆಯಿಂದ ಬಂದ ಜಮೀನಿನಲ್ಲಿ ಪೈನ್ ಹಾಕಿದ್ದಾರೆ. 1999ರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅಮೆರಿಕದ ಉತ್ತಮ ಮರ ಕೃಷಿಕರ ಪ್ರಶಸ್ತಿ ಬಂತು. ನಮ್ಮ ಕಡೆ ಹಗಲು ತೋಟ, ರಾತ್ರಿ ಕ್ಲಬ್ಬಿನಲ್ಲಿ ಪಿಯಾನೊ ಅಂದರೆ ಬಿಡುವಿನ ಹವ್ಯಾಸ ಅನ್ನುತ್ತಾರೆ.

2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಸ್ಟೋನ್ಸ್ ಬಂದಾಗ ಅವರೂ ಸ್ಟೇಜ್ ಮೇಲಿದ್ದರು. ನಮ್ಮ ಮನೆಯವರು ಮೂಡಿಗೆರೆಯಿಂದ ಜೀಪಿನಲ್ಲಿ ಹೋಗಿ ನೋಡಿ ಬಂದರು. ವಾಪಸ್ ಬಂದು ಹೇಳಿದ್ದು ಗಾಯಕ ಮಿಕ್ ಜ್ಯಾಗರ್ ವಿಷಯ ಅಲ್ಲ, ಪಾರ್ಕಿಂಗ್ ವಿಷಯ.

ನೀರ್ ದೋಸೆ:
ಪೈನ್ ಹಾಕಿ ಪ್ರಶಸ್ತಿ ತಗೊಂಡರಾ? ನಾವು ಸಿಲ್ವರ್ ಓಕ್ ಹಾಕಿ ಕರಡಿ ತರ ಕೂತಿದ್ದೇವೆ ಮಾರಾಯ್ರೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಯಾರು ಪ್ರಶಸ್ತಿ ಕೊಡುತ್ತಾರೆ?

ಶುಂಠಿ ಕಾಫಿ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಗಿಟಾರ್.

ಬಿ ಎಂ ರೋಡ್:
ಏಲಕ್ಕಿಯವರೇ, ಮೋಟಾರ್ ವೈಂಡಿಂಗ್ ಅಂದಿರಿ ಅಲ್ವಾ? ಹಾಗಾದರೆ ನಿಮ್ಮ ಮಾವ ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಒಂದು ಕಥೆ ಹೇಳುತ್ತೇನೆ.

1994 ಇರಬೇಕು. ನನ್ನದೊಂದು ಗಿವ್ಸನ್ ಎಲೆಕ್ಟ್ರಿಕ್ ಗಿಟಾರ್ ಇತ್ತು. ಪಿಕಪ್ ಸತ್ತುಹೋಯಿತು. ಬೆಂಗಳೂರಿಗೆ ಕಳಿಸಿದರೆ ಒಂದು ತಿಂಗಳು, ಬೆಲೆ ಅರ್ಧ ಗಿಟಾರಿನಷ್ಟು. ಇವರ ಅಂಗಡಿಗೆ ತೆಗೆದುಕೊಂಡು ಹೋದೆ. ಸುತ್ತಲೂ ಬಾವಿ ಪಂಪಿನ ಮೋಟಾರುಗಳು, ವಾರ್ನಿಷ್ ವಾಸನೆ. ಪಿಕಪ್ ಬಿಚ್ಚಿ ನೋಡಿ 'ಇದೂ ಕಾಯಿಲ್ ತಾನೇ?' ಅಂದರು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ತಾಮ್ರದ ತಂತಿ, ಅಷ್ಟೇ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಆದರೆ ಮೋಟಾರಿಗೆ ಹಾಕುವ ತಂತಿ ಇಲ್ಲಿ ನಡೆಯುವುದಿಲ್ಲ. ಕೂದಲೆಳೆಯಷ್ಟು ತೆಳು ಬೇಕು. ಸಾಮಾನ್ಯ ಸಿಂಗಲ್ ಕಾಯಿಲ್‌ಗೆ ಎಂಟು ಸಾವಿರ ಸುತ್ತು ಹತ್ತಿರ ಬರುತ್ತದೆ. ಸ್ವಲ್ಪ ಎಳೆದರೆ ತುಂಡು.

ಒಂದು ಹಳೆಯ ರಿಲೇ ಬಿಚ್ಚಿ ತಂತಿ ತೆಗೆದರು. ಹೊಲಿಗೆ ಮಷೀನಿನ ಬಾಬಿನ್ ಸುತ್ತುವ ಚಕ್ರಕ್ಕೆ ಪಿಕಪ್ ಕಟ್ಟಿ, ಎರಡು ಬೆರಳಲ್ಲಿ ತಂತಿ ಹಿಡಿದು ಸುತ್ತಿದರು. ಮೂರು ಸಲ ತುಂಡಾಯಿತು. ನಾಲ್ಕನೇ ಸಲ ಮುಗಿಯುವಾಗ ರಾತ್ರಿ ಒಂಬತ್ತು. ಮೇಣದ ಬತ್ತಿ ಕರಗಿಸಿ ಅದರಲ್ಲಿ ಅದ್ದಿದರು, ಇಲ್ಲದಿದ್ದರೆ ಕೀಂ ಅಂತ ಕೂಗುತ್ತದೆ ಅಂತ. ಸೌಂಡ್ ಮೊದಲಿಗಿಂತ ದಪ್ಪ ಬಂತು. ಅದಕ್ಕೆ ಎಷ್ಟು ಸುತ್ತು ಬಿತ್ತು ಅಂತ ಅವರಿಗೂ ಗೊತ್ತಿಲ್ಲ, ಎಣಿಸುವಾಗ ಗಿರಾಕಿ ಬಂದು ಮಾತಾಡಿಸಿಬಿಟ್ಟರು. ಮೂವತ್ತು ರೂಪಾಯಿ ತಗೊಂಡರು.

ರಾಕ್ ಮ್ಯೂಸಿಷಿಯನ್ ಅಲ್ಲವಂತೆ!

ಏಲಕ್ಕಿ:
ಅಯ್ಯೋ ಸಾರ್, ಅದು ಅತ್ತೆಯ ಹೊಲಿಗೆ ಮಷೀನು. ಆ ಚಕ್ರ ಇವತ್ತಿಗೂ ಸರಿಯಾಗಿ ತಿರುಗುವುದಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು.

ತನಿ ಆವರ್ತನ:
ನಾನು ಮೃದಂಗ ಕಲಿತವನು, ಗಿಟಾರ್ ಬಗ್ಗೆ ಅಷ್ಟು ಗೊತ್ತಿಲ್ಲ. ಆದರೆ ಬ್ಲೂಸ್ ಅಂದರೆ ನಮ್ಮ ಹಿಂದೋಳ ರಾಗ ತಾನೇ? ಐದು ಸ್ವರ. ಅದನ್ನೇ ಎಳೆದು ಎಳೆದು ನುಡಿಸುತ್ತಾರೆ.

ಹಾರ್ಮೋನಿಯಂ ಮೇಷ್ಟ್ರು:
ಹಿಂದೋಳ ಅಲ್ಲ. ಹಿಂದೋಳದಲ್ಲಿ ಪಂಚಮ ಇಲ್ಲ, ಧೈವತ ಇದೆ. ಬ್ಲೂಸ್‌ನವರು ಹೆಚ್ಚಾಗಿ ಹಿಡಿಯುವ ಐದು ಸ್ವರ ಸ ಗ ಮ ಪ ನಿ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮಲ್ಲಿ ಶುದ್ಧ ಧನ್ಯಾಸಿ, ಹಿಂದೂಸ್ತಾನಿಯವರ ಧಾನಿ. ಜೊತೆಗೆ ಮಧ್ಯಮಕ್ಕೂ ಪಂಚಮಕ್ಕೂ ನಡುವಿನ ಒಂದು ಸ್ವರವನ್ನು ಆಗಾಗ ಮುಟ್ಟಿ ಓಡುತ್ತಾರೆ. ಖುಷಿಯಾಗಿ ನುಡಿಸುವಾಗ ಮೋಹನ ರಾಗದ ಸ್ವರಗಳೂ ಬರುತ್ತವೆ.

ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಲ್ಲ. ಅವರ ಗಾಂಧಾರ ಸಾಧಾರಣ ಗಾಂಧಾರಕ್ಕೂ ಅದರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ. ತಂತಿಯನ್ನು ಬೆರಳಲ್ಲಿ ದಬ್ಬಿ ಆ ಜಾಗಕ್ಕೆ ತರುತ್ತಾರೆ. ವೀಣೆಯವರು ತಂತಿ ಎಳೆದು ಗಮಕ ತರುವ ಹಾಗೆ. ಅದಕ್ಕೇ ಹಾರ್ಮೋನಿಯಂನಲ್ಲಿ ಬ್ಲೂಸ್ ನುಡಿಸಿದರೆ ಪಪ್ಪಾಯಿಗೆ ಉಪ್ಪು ಹಾಕಿದ ಹಾಗೆ ಇರುತ್ತದೆ. ನಾನು ನುಡಿಸಿ ನೋಡಿದ್ದೇನೆ.

ತನಿ ಆವರ್ತನ:
ತಪ್ಪಾಯಿತು ಮೇಷ್ಟ್ರೇ. ಬ್ಲೂಸ್‌ನ ಆ ಕುಣಿಯುವ ನಡೆ ಮಾತ್ರ ತಿಶ್ರ, ಮೂರರ ಎಣಿಕೆ, ಅದರಲ್ಲಿ ನನ್ನ ಜೊತೆ ಜಗಳ ಬೇಡ.

ಹಾರ್ಮೋನಿಯಂ ಮೇಷ್ಟ್ರು:
ಅದು ಸರಿ.

ಕಡೂರು ಪ್ಯಾಸೆಂಜರ್:
ಪಪ್ಪಾಯಿಗೆ ಉಪ್ಪು ಹಾಕಿ ತಿಂದರೆ ಚೆನ್ನಾಗೇ ಇರುತ್ತದೆ ಮೇಷ್ಟ್ರೇ.

ಹಾಸನ ಹಳೇ ಹುಡುಗ:
ನಿಮ್ಮ ಮಾವ ಅಂದರೆ ಕರೆಂಟ್ ಹೋದ ರಾತ್ರಿ ಗಿಟಾರ್ ನುಡಿಸಿದವರೇ? ಗಣಪತಿ ಪೆಂಡಾಲ್, ಹಾಸನ. ನಾನು ಅಲ್ಲೇ ಇದ್ದೆ, ಹೈಸ್ಕೂಲು. ಶಂಕರ್‌ನಾಗ್ ಗಿಟಾರ್ ಹಿಡಿದು ಕುಣಿಯುವ ಆ ಹಾಡು ಅರ್ಧಕ್ಕೆ ಬಂದಿತ್ತು. ಕರೆಂಟ್ ಹೋಯಿತು. ಕೀಬೋರ್ಡ್ ಸತ್ತಿತು, ಮೈಕ್ ಸತ್ತಿತು. ಜನ ಶಿಳ್ಳೆ ಹೊಡೆದು ಎದ್ದು ಹೊರಡುತ್ತಿದ್ದರು. ಇವರು ಎಲೆಕ್ಟ್ರಿಕ್ ಕೆಳಗಿಟ್ಟು ಯಾರದೋ ಮರದ ಗಿಟಾರ್ ತೆಗೆದುಕೊಂಡರು. ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಸ್ಟೇಜ್ ಅಂಚಿಗೆ ಬಂದು ಕೂತು ನುಡಿಸಿದರು. ಢೋಲಕ್‌ನವರು ಜೊತೆ ಕೊಟ್ಟರು. ನಲವತ್ತು ನಿಮಿಷ! ಮುಂದಿನ ಸಾಲಿನ ಅಜ್ಜಿಯರೂ ಚಪ್ಪಾಳೆ ಹಾಕುತ್ತಿದ್ದರು. ಯಾವ ಸಿನಿಮಾದ್ದೂ ಅಲ್ಲ ಅದು. ಒಂದೇ ತರ ತಿರುಗಿ ತಿರುಗಿ ಬರುತ್ತಿತ್ತು.

ಬೇಸ್ ಗಿಟಾರ್ 4:
ಅದು ಹಾಸನ ಅಲ್ಲ ಸಾರ್, ಬೇಲೂರು. ನಾನು ಆ ಸ್ಟೇಜ್ ಮೇಲಿದ್ದೆ! ಚಿಕ್ಕಮಗಳೂರಿನಿಂದ ನನ್ನನ್ನು ಒಂದೇ ದಿನಕ್ಕೆ ಕರೆಸಿದ್ದರು. ಬೇಸ್‌ಗೆ ಕರೆಂಟ್ ಇಲ್ಲದೆ ನಾನು ಸುಮ್ನೆ ಕೈಕಟ್ಟಿ ನಿಂತಿದ್ದೆ. ತಿರುಗಿ ತಿರುಗಿ ಬರುತ್ತಿದ್ದದ್ದೇ ಹನ್ನೆರಡು ಬಾರ್. ನಾಲ್ಕು ಬಾರ್ ಇ ಕಾರ್ಡ್, ಆಮೇಲೆ ಎರಡು ಎ, ಮತ್ತೆ ಎರಡು ಇ, ಕೊನೆಯ ನಾಲ್ಕರಲ್ಲಿ ಬಿ, ಎ, ಇ, ಬಿ. ಅದೇ ಬ್ಲೂಸ್.

ಮೂರನೇ ತಂತಿ ಅವರೇ, ಅದು ಯಾವ ಕ್ಯಾಸೆಟ್‌ನಲ್ಲಿ ಇತ್ತು ಹೇಳಿ?

ಹಾಸನ ಹಳೇ ಹುಡುಗ:
ಬೇಲೂರು ಅಲ್ಲವೇ ಅಲ್ಲ. ನಾನು ನಡೆದುಕೊಂಡು ಮನೆಗೆ ಹೋಗಿದ್ದೆ.

ಮೂರನೇ ತಂತಿ:
ಸರಿ, ಆ ನಲವತ್ತು ನಿಮಿಷ ಒಪ್ಪಿದೆ. ಉಳಿದ 36 ವರ್ಷ?

ಲೆಕ್ಕಪತ್ರ:
ಇಡೀ ಚರ್ಚೆಯಲ್ಲಿ ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಗಿಟಾರಿಸ್ಟ್ ರಾನಿ ವುಡ್ 1975ರಲ್ಲಿ ರೋಲಿಂಗ್ ಸ್ಟೋನ್ಸ್ ಸೇರಿದರು. ಹದಿನೈದು ವರ್ಷಕ್ಕೂ ಮೇಲೆ ಸಂಬಳಕ್ಕೆ ದುಡಿದು, ಆಮೇಲೆ ಪಾಲುದಾರ ಆದರು. ಅಷ್ಟು ವರ್ಷ ಪೋಸ್ಟರ್‌ನಲ್ಲಿ ಇದ್ದವರಿಗೇ ಹೀಗೆ. ಅದೇ ಬ್ಯಾಂಡ್ ಶುರು ಮಾಡಿದವರಲ್ಲಿ ಒಬ್ಬರಾದ ಇಯಾನ್ ಸ್ಟುವರ್ಟ್ ಅವರನ್ನು 1963ರಲ್ಲಿ ಮ್ಯಾನೇಜರ್ ಹೊರಗಿಟ್ಟರು. ಮುಖ ಹೊಂದುವುದಿಲ್ಲ ಅಂತ. ಮನುಷ್ಯ ಮುನಿಸಿಕೊಂಡು ಹೋಗಲಿಲ್ಲ. ಸಾಯುವವರೆಗೆ, ಅಂದರೆ 1985ರವರೆಗೆ, ಅದೇ ಬ್ಯಾಂಡಿನ ವ್ಯಾನ್ ಓಡಿಸಿ, ಸಾಮಾನು ಹೊತ್ತು, ಪಿಯಾನೊನೂ ನುಡಿಸಿದರು. ಮೈನರ್ ಕಾರ್ಡ್ ಬಂದರೆ ಕೈ ಎತ್ತಿಬಿಡುತ್ತಿದ್ದರಂತೆ, ಇಷ್ಟ ಇಲ್ಲ ಅಂತ. ಆ ಹಟ ನನಗೆ ಬಹಳ ಇಷ್ಟ.

ಕ್ಲೇರ್ ಟಾರಿ ಅನ್ನುವ ಗಾಯಕಿ 1973ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಆಲ್ಬಮ್‌ಗೆ ಒಂದು ಭಾನುವಾರ ಹೋಗಿ ಹಾಡಿ 30 ಪೌಂಡ್ ತಗೊಂಡು ಮನೆಗೆ ಬಂದರು. ಕೋರ್ಟಿಗೆ ಹೋಗಿ 2005ರಲ್ಲಿ ರಾಜಿಯಾದ ಮೇಲೆ ಹಾಡು ಕಟ್ಟಿದವರಲ್ಲಿ ಅವರ ಹೆಸರೂ ಸೇರಿತು.

ನಮ್ಮಲ್ಲಿ 2012ರ ಕಾಪಿರೈಟ್ ತಿದ್ದುಪಡಿಯಿಂದ ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿ ಹಕ್ಕು ಗಟ್ಟಿಯಾಯಿತು. ಪೆಂಡಾಲ್‌ನಲ್ಲಿ ನುಡಿಸಿದವರಿಗೆ ಅದರಿಂದ ಏನೂ ಇಲ್ಲ. ಏಲಕ್ಕಿಯವರೇ, ನಿಮ್ಮ ಮಾವನಿಗೆ ಎಷ್ಟು ಸಿಗುತ್ತಿತ್ತು?

ಏಲಕ್ಕಿ:
ಮಾವ ಒಂದು ನೋಟ್‌ಬುಕ್ ಇಟ್ಟಿದ್ದಾರೆ. 1986ರಲ್ಲಿ ಒಂದು ರಾತ್ರಿಗೆ 40 ರೂಪಾಯಿ ಮತ್ತು ಊಟ. 1995ರಲ್ಲಿ 200. ಕೊನೆಯ ವರ್ಷಗಳಲ್ಲಿ 2,500. ಕೊಡದೇ ಇದ್ದವರ ಮುಂದೆ ಕೆಂಪು ಪೆನ್ನಲ್ಲಿ ಸೊನ್ನೆ. ಒಂದು ಕಡೆ ದುಡ್ಡಿನ ಬದಲು ಮೂರು ಡಜನ್ ತೆಂಗಿನಕಾಯಿ ಅಂತ ಇದೆ. ಪ್ರತಿ ಪ್ರೋಗ್ರಾಂನ ಹಾಡುಗಳ ಪಟ್ಟಿ, ಯಾವ ಹಾಡು ಯಾವ ಸ್ಕೇಲ್, ಯಾವ ಗಾಯಕರಿಗೆ ಅರ್ಧ ಇಳಿಸಬೇಕು ಅನ್ನುವುದೂ ಇದೆ. ಶುಂಠಿ ಕಾಫಿ ಅವರು ಚಕ್ ಲೆವೆಲ್ ಬಗ್ಗೆ ಬರೆದದ್ದು ಓದಿ ನಗು ಬಂತು. ನಮ್ಮ ಮನೆಯಲ್ಲೂ ಅದೇ ಪುಸ್ತಕ.

ಆಡಿಯಾಲಜಿ ಓದಿದವಳು:
ಕಿವಿ ಹೇಗಿದೆ ಅವರದು? ತಮಾಷೆ ಅಲ್ಲ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುವುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್ ಜಾಸ್ತಿ ಆದಾಗ ಆ ಸಮಯ ಅರ್ಧ ಆಗುತ್ತದೆ. 100 ಆದರೆ ಹದಿನೈದು ನಿಮಿಷ ಅಷ್ಟೇ. ಡ್ರಮ್ಸ್ ಪಕ್ಕ ನಾಲ್ಕು ಗಂಟೆ ನಿಂತವರ ಕಥೆ ನೀವೇ ಯೋಚಿಸಿ. ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೇ ಟೂರ್ ಅರ್ಧಕ್ಕೆ ಬಿಟ್ಟರು. ಗುಂಯ್ ಅನ್ನುವ ಶಬ್ದ ಬರುತ್ತಿದ್ದರೆ ಒಮ್ಮೆ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆ, ಮಾಡಿಸಿ.

ಏಲಕ್ಕಿ:
ಎಡಗಿವಿ ಕಡಿಮೆ ಕೇಳುತ್ತದೆ. ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಯಾವಾಗಲೂ ಎಡಗಡೆ ಇರುತ್ತಿತ್ತಂತೆ. ಅತ್ತೆ ಎಡಗಡೆ ಕೂತು ಬೈದರೆ ಕೇಳುವುದಿಲ್ಲ ಅಂತ ಅಲ್ಲೇ ಕೂರಿಸಿಕೊಳ್ಳುತ್ತಾರೆ. ಮಾಡಿಸುತ್ತೇನೆ ಮೇಡಂ.

ಸಕಲೇಶಪುರ ಮಳೆ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಗಿಟಾರ್ ಗೊತ್ತಿರುವವರು ಇಷ್ಟು ಜನ ಸಿಕ್ಕಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಗಿಟಾರ್ ತಂತಿ ಹತ್ತೇ ದಿನಕ್ಕೆ ತುಕ್ಕು. ಮರ ಬೇರೆ ಉಬ್ಬಿ ತಂತಿ ಮೇಲೆದ್ದು ಬೆರಳು ನೋಯುತ್ತದೆ. ಏನು ಮಾಡಲಿ?

ಬಿ ಎಂ ರೋಡ್:
ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಕೆಳಗೂ ಒರೆಸಿ. ಕೇಸ್ ಒಳಗೆ ಸಿಲಿಕಾ ಜೆಲ್ ಚೀಲ ಹಾಕಿ. ಗೋಡೆಗೆ ನೇತು ಹಾಕಬೇಡಿ, ಮಲೆನಾಡಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ.

ನೀರ್ ದೋಸೆ:
ಬೀರುವಿನಲ್ಲಿ 15 ವ್ಯಾಟಿನ ಬಲ್ಬ್ ಉರಿಸಿಡಿ. ರೇಷ್ಮೆ ಸೀರೆಗೆ ಬೂಷ್ಟು ಬರದ ಹಾಗೆ ನಮ್ಮಮ್ಮ ಮಾಡುತ್ತಿದ್ದದ್ದು ಅದೇ. ಗಿಟಾರ್ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ ಮಾರಾಯ್ರೆ, ಆಮೇಲೆ ನನ್ನನ್ನು ಬೈಯಬೇಡಿ.

ಕೀಬೋರ್ಡ್ ಪ್ಲೇಯರ್:
ಏಲಕ್ಕಿಯವರೇ, 2022ಕ್ಕೆ ಯಾಕೆ ನಿಲ್ಲಿಸಿದರು? ನಮ್ಮ ಕಡೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಸಂಗೀತ) ಬಂದು ಎಲ್ಲ ಮುಗಿಯಿತು. ಒಬ್ಬ ಗಾಯಕ, ಒಂದು ಲ್ಯಾಪ್‌ಟಾಪ್. ಮೊದಲು ಹನ್ನೆರಡು ಜನ ಒಂದು ಮೆಟಡೋರ್‌ನಲ್ಲಿ ಹೋಗುತ್ತಿದ್ದೆವು. ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಬಂದಾಗ ಢೋಲಕ್, ಕಾಂಗೋ ಡ್ರಮ್ ಬಾರಿಸುವವರು ಇಳಿದರು. ನನ್ನ ಕೀಬೋರ್ಡಿನಲ್ಲಿ ಗಿಟಾರ್ ಟೋನ್ ಬಂದಾಗ ರಿದಮ್ ಗಿಟಾರ್‌ನವರು ಇಳಿದರು, ಆವತ್ತು ನಾನು ಖುಷಿಪಟ್ಟೆ. ಆಮೇಲೆ ಟ್ರ್ಯಾಕ್ ಬಂತು, ನಾನೇ ಇಳಿದೆ.

2000ದ ಶಬ್ದ ನಿಯಮ ಬಂದ ಮೇಲೆ ರಾತ್ರಿ ಹತ್ತಕ್ಕೆ ಮೈಕ್ ಬಂದ್. ಮೊದಲು ಬೆಳಗಿನ ಜಾವ ಎರಡಾದರೂ ಬಿಡುತ್ತಿರಲಿಲ್ಲ. ಹನ್ನೆರಡರ ಮೇಲೆ ಸಿನಿಮಾ ಹಾಡು ಖಾಲಿಯಾದಾಗಲೇ ನಮಗೆ ಬೇಕಾದ್ದು ನುಡಿಸಲು ಸಿಗುತ್ತಿದ್ದದ್ದು. ನಿಮ್ಮ ಮಾವನಂಥವರ ಬ್ಲೂಸ್ ಎಲ್ಲ ಆ ಹೊತ್ತಿನಲ್ಲೇ. ಹತ್ತು ಗಂಟೆಯ ನಿಯಮ ಒಳ್ಳೆಯದೇ, ಈಗ ನನಗೂ ನಿದ್ದೆ ಬೇಕು. ಆದರೂ ಹೇಳಿದೆ.

ಮೂರನೇ ತಂತಿ:
ಕೀಬೋರ್ಡ್ ಪ್ಲೇಯರ್ ಹೇಳಿದ್ದು ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದೆಲ್ಲ ಎಂಟೂವರೆಯ ಆರ್ಕೆಸ್ಟ್ರಾ. 'ಗಿಟಾರಿಸ್ಟ್' ಅಂತ ಹಾಕಿಸಿ ಮೇಡಂ, ನನ್ನ ತಕರಾರಿಲ್ಲ. 'ರಾಕ್ ಅಂಡ್ ಬ್ಲೂಸ್' ವಿಷಯದಲ್ಲಿ ಮಾತ್ರ ಇನ್ನೂ ಅರ್ಧ ಮನಸ್ಸು.

ಕಡೂರು ಪ್ಯಾಸೆಂಜರ್:
ಬರೀ 'ಬ್ಲೂಸ್' ಹಾಕಿಸಿ ಹಾಗಾದರೆ. ಅರ್ಧ ಮನಸ್ಸಿಗೆ ಅರ್ಧ ಸಾಲು.

ಏಲಕ್ಕಿ:
ನಿನ್ನೆ ರಾತ್ರಿ ಧೈರ್ಯ ಮಾಡಿ ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಬಲಗಿವಿ ಕಡೆ ಕೂತು. ಪೂರ್ತಿ ಕೇಳಿದರು. ಡನ್‌ಬಾರ್ ನಾಣ್ಯದ ಕಥೆಯನ್ನು ಎರಡು ಸಲ ಓದಿಸಿಕೊಂಡರು.

ಕಾರ್ಡ್ ಬಗ್ಗೆ ಅವರು ಹೇಳಿದ್ದು: 'ಅಂಗಡಿ ಹೆಸರು, ಫೋನ್ ನಂಬರ್ ಹಾಕಿಸು. ಬೇಸಿಗೆ ಬರುತ್ತಿದೆ, ಪಂಪ್‌ಸೆಟ್ ಸುಡುವ ಕಾಲ.' ಗಿಟಾರ್ ಅಂತ ಹಾಕಲೇಬೇಕು ಅಂದರೆ ರಿದಮ್ ಗಿಟಾರ್ ಅಂತ ಹಾಕಬೇಕಂತೆ. ಲೀಡ್, ಅಂದರೆ ಮುಖ್ಯ ಟ್ಯೂನ್, ನುಡಿಸಿದವರು ಬೇರೆ, ಅವರೂ ಊಟಕ್ಕೆ ಬರುತ್ತಾರೆ, ನೋಡಿದರೆ ಏನಂದುಕೊಳ್ಳುತ್ತಾರೆ ಅಂದರು. ದೊಡ್ಡಪ್ಪನ ಮಗನ ಬ್ಯಾಂಡ್‌ಸೆಟ್ ಮಾತಿಗೆ ಅವನಿಗಿಂತ ಜಾಸ್ತಿ ನಕ್ಕವರು ಇವರೇ. ಬ್ಯಾಂಡ್‌ಸೆಟ್‌ನ ಕ್ಲಾರಿನೆಟ್‌ನವರ ಹತ್ತಿರವೇ ಅವರು ಎಷ್ಟೋ ಕಲಿತದ್ದಂತೆ.

ಇನ್ನೆರಡು ತಿದ್ದುಪಡಿ ಕೊಟ್ಟಿದ್ದಾರೆ. ಕರೆಂಟ್ ಹೋದ ರಾತ್ರಿ ಹಾಸನವೂ ಅಲ್ಲ, ಬೇಲೂರೂ ಅಲ್ಲ. ಆಲೂರು, 1997. ನೋಟ್‌ಬುಕ್‌ನಲ್ಲಿ ಇದೆ, ನಾನೇ ನೋಡಿದೆ. ನುಡಿಸಿದ್ದು ಇ ಅಲ್ಲ, ಎ. ಆ ಮರದ ಗಿಟಾರಿನ ದಪ್ಪ ಇ ತಂತಿ ಮೊದಲೇ ತುಂಡಾಗಿತ್ತಂತೆ.

ಹಾಸನ ಹಳೇ ಹುಡುಗ:
ಆಲೂರಾ? ಹಾಗಾದರೆ ನಾನು ನಡೆದುಕೊಂಡು ಹೋದದ್ದು ಯಾರ ಮನೆಗೆ?

ಬೇಸ್ ಗಿಟಾರ್ 4:
ನೋಟ್‌ಬುಕ್‌ನಲ್ಲಿ ಇದ್ದರೆ ಒಪ್ಪಲೇಬೇಕು. ಏಲಕ್ಕಿಯವರೇ, ಅದೇ ಪುಟದಲ್ಲಿ ಇನ್ನೊಂದು ನೋಡಿ ಹೇಳುತ್ತೀರಾ? ಆವತ್ತು ನನಗೆ ಪೇಮೆಂಟ್ ಬಂತಾ?

ಏಲಕ್ಕಿ:
ನೋಡಿದೆ ಸಾರ್. 'ಬೇಸ್, ಚಿ.ಮಗಳೂರು, 150' ಅಂತ ಇದೆ. ಮುಂದೆ ಕೆಂಪು ಸೊನ್ನೆ. ಮಾವ ಊಟಕ್ಕೆ ಬನ್ನಿ ಅಂದಿದ್ದಾರೆ, ಬೇಸ್ ತರಬೇಕಂತೆ.